ಸೆಕೆಂಡ್ ಹ್ಯಾಂಡ್ ಕಾರಿನ ಆಯಿಲ್ ಸೋರಿಕೆ: ವಾರಂಟಿ ಸಿಗದು ಎಂದವರಿಗೆ ಏನು ಉತ್ತರ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಆಗಸ್ಟ್‌ನಲ್ಲಿ ಮಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರು ಮಳಿಗೆಯಿಂದ 2018ರ ಮಾಡೆಲಿನ 1.2 ಲೀಟರ್ ಪೆಟ್ರೋಲ್ ಕಾರನ್ನು 4.35 ಲಕ್ಷಕ್ಕೆ ಕೊಂಡೆ. ಆಗ ಮೀಟರಿನಲ್ಲಿ 61,400 ಕಿ.ಮೀ. ಇತ್ತು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 6 ತಿಂಗಳು ಅಥವಾ 7,500 ಕಿ.ಮೀ. ವಾರಂಟಿ ಎಂಬ ಪುಸ್ತಕ ಕೊಟ್ಟಿದ್ದಾರೆ. ತಪಾಸಣೆಯ ಹಾಳೆಯಲ್ಲಿ ‘ಆಯಿಲ್ ಸೋರಿಕೆ: ಇಲ್ಲ’ ಎಂದು ಗುರುತು ಹಾಕಿದ್ದಾರೆ. ಅಕ್ಟೋಬರಿನಲ್ಲಿ ಇಲ್ಲಿಯ ಗ್ಯಾರೇಜಿನಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ. ನವೆಂಬರಿನಲ್ಲಿ ಅಡಿಕೆ ಹರಡಲು ಅಂಗಳ ಚೊಕ್ಕ ಮಾಡುವಾಗ ಕಾರು ನಿಲ್ಲಿಸುವ ಜಾಗದಲ್ಲಿ ಕಪ್ಪು ಎಣ್ಣೆಯ ಕಲೆ ಕಂಡಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿಂದ ಸೋರುತ್ತಿದೆ, ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕ್ ಸೀಲ್ (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಹಾಕಬೇಕು, 9,500 ರೂಪಾಯಿ ಆದೀತು ಎಂದು ಗ್ಯಾರೇಜಿನವರು ಹೇಳಿದರು. ಮಳಿಗೆಯವರು ಫೋನಿನಲ್ಲೇ ನಿರಾಕರಿಸಿದರು. ಸೀಲ್, ಪ್ಯಾಕಿಂಗ್ ಎಲ್ಲ ಸವೆಯುವ ಭಾಗಗಳಂತೆ. ಹೊರಗೆ ಆಯಿಲ್ ಬದಲಾಯಿಸಿದ್ದರಿಂದ ವಾರಂಟಿ ರದ್ದಾಗಿದೆಯಂತೆ. ಸೋರಿಕೆ ಮೊದಲೇ ಇದ್ದಿರಬಹುದು, ಪೂರ್ವದೋಷಕ್ಕೆ ವಾರಂಟಿ ಇಲ್ಲವಂತೆ. ಕೇಸು ಹಾಕುವುದಾದರೆ ಬೆಂಗಳೂರಿನಲ್ಲೇ ಹಾಕಬೇಕು ಎಂದರು. ಕಾರು ಓಡಿಸಬಹುದೇ? ಈ ಹಣಕ್ಕಾಗಿ ಹೋರಾಡಿ ಪ್ರಯೋಜನವಿದೆಯೇ?

ಉತ್ತರ: ಎಚ್ಚರದಿಂದ ಓಡಿಸಬಹುದು, ಹೇಗೆಂದು ಕೊನೆಯಲ್ಲಿ ಹೇಳುತ್ತೇನೆ. ಹೋರಾಡಲು ಆಧಾರವೂ ಇದೆ. ಆದರೆ ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ, ಎಂಜಿನ್ ಅಡಿಭಾಗ ತೊಳೆಯಲೂ ಬಿಡಬೇಡಿ. ಹೊಸ ಸೀಲ್ ಕೂತ ಮರುಕ್ಷಣ ನಿಮ್ಮ ಸಾಕ್ಷ್ಯ ಹೋಯಿತು. ಇಂಥ ತಕರಾರುಗಳಲ್ಲಿ ಗ್ರಾಹಕ ಸೋಲುವುದು ಹೆಚ್ಚಾಗಿ ಕಾನೂನಿನಲ್ಲಲ್ಲ, ಹೀಗೆ ಅವಸರದಲ್ಲಿ ರಿಪೇರಿ ಮಾಡಿಸಿಬಿಡುವುದರಿಂದ.

ಮಳಿಗೆಯವರ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸೋರಿಕೆ ಮೊದಲೇ ಇತ್ತು ಎಂದಾದರೆ ಅಕ್ಟೋಬರಿನಲ್ಲಿ ನಿಮ್ಮ ಗ್ಯಾರೇಜಿನವರು ಆಯಿಲ್ ಬದಲಾಯಿಸಿದ್ದು ಅದಕ್ಕೆ ಕಾರಣವಾಗಲಾರದು. ಮೊದಲೇ ಇತ್ತು ಎಂದಾದರೆ ಅವರದೇ ತಪಾಸಣೆ ಹಾಳೆಯಲ್ಲಿ ‘ಇಲ್ಲ’ ಎಂದು ಬರೆದದ್ದು ಸುಳ್ಳಾಗುತ್ತದೆ. ಫೋನಿನಲ್ಲಿ ಈ ಕಾರಣಗಳೆಲ್ಲ ಒಟ್ಟಿಗೆ ಹೊರಬರುತ್ತವೆ, ಕಾಗದದ ಮೇಲೆ ಬರೆಯುವಾಗ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇವತ್ತೇ ವಾಟ್ಸ್‌ಆ್ಯಪ್ ಮತ್ತು ಇಮೇಲ್ ಎರಡರಲ್ಲೂ ಚಿಕ್ಕದಾಗಿ ಬರೆಯಿರಿ: ‘ಇಂಥ ದಿನಾಂಕ, ಇಷ್ಟು ಕಿ.ಮೀ.ಗೆ ಆಯಿಲ್ ಸೋರಿಕೆ ಕಂಡಿದೆ. ವಾಹನ ಪರೀಕ್ಷೆಗೆ ಲಭ್ಯವಿದೆ. ನಿರಾಕರಿಸುವುದಾದರೆ ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ.’ ಬೈಗುಳ ಬೇಡ, ಕೇಸಿನ ಬೆದರಿಕೆಯೂ ಸದ್ಯಕ್ಕೆ ಬೇಡ. ಹಲವು ವಾರಂಟಿ ಪುಸ್ತಕಗಳಲ್ಲಿ ದೋಷ ಕಂಡ ಇಷ್ಟು ಗಂಟೆ ಅಥವಾ ಇಷ್ಟು ದಿನದೊಳಗೆ ತಿಳಿಸಬೇಕು ಎಂಬ ಗಡುವು ಇರುತ್ತದೆ. ಈ ಸಂದೇಶ ಅದಕ್ಕೂ ದಾಖಲೆಯಾಗುತ್ತದೆ. ಕಲೆ ತಡವಾಗಿ ಕಂಡದ್ದಕ್ಕೆ ನಿಮ್ಮನ್ನು ದೂರುವಂತಿಲ್ಲ. ನಮ್ಮ ಮಳೆಗಾಲದಲ್ಲಿ ಅಂಗಳದ ಮೇಲೆ ಬಿದ್ದ ಎಣ್ಣೆಯ ಹನಿ ಬೆಳಗಾಗುವುದರೊಳಗೆ ಕೊಚ್ಚಿಹೋಗುತ್ತದೆ.

ಇನ್ನು ಸೋರಿಕೆಯ ಮೂಲ. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದು ನಂಬುವುದು ದೊಡ್ಡ ತಪ್ಪು. ಕಾರು ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಅದು ಎಂಜಿನ್ ಮೈಮೇಲೆ ಇಳಿದು ಎಲ್ಲಕ್ಕಿಂತ ಕೆಳಗಿನ ತುದಿಯಲ್ಲಿ ಹನಿಯಾಗುತ್ತದೆ. ನಿಮ್ಮ ಕಾರಿನಂಥ ಮುಂಚಕ್ರ ಚಾಲನೆಯ ಗಾಡಿಗಳಲ್ಲಿ ಆ ತುದಿ ಎಂಜಿನಿಗೆ ಗೇರ್‌ಬಾಕ್ಸ್ ಸೇರುವ ಹೌಸಿಂಗೇ ಆಗಿರುವುದು ಸಾಮಾನ್ಯ. ಅಲ್ಲಿ ಕಾಣುವ ಎಣ್ಣೆ ಫ್ಲೈವೀಲ್ ಬದಿಯ, ಅಂದರೆ ಗೇರ್‌ಬಾಕ್ಸ್ ಕಡೆಯ, ಕ್ರ್ಯಾಂಕ್ ಸೀಲಿನಿಂದ ಬಂದಿರಬಹುದು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನಿಂದ ಬಂದಿರಬಹುದು, ಅಥವಾ ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿ ಹಿಂಬದಿಯಿಂದ ಇಳಿದಿರಬಹುದು. ಆಯಿಲ್ ಪ್ರೆಶರ್ ಸ್ವಿಚ್ಚಿನ ಬುಡವನ್ನೂ ಮರೆಯಬೇಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸುವುದು ಒಂದೆರಡು ಗಂಟೆಯ ಕೆಲಸ. ಕ್ರ್ಯಾಂಕ್ ಸೀಲಿನ ಬೆಲೆಯೂ ಕೆಲವು ನೂರು ರೂಪಾಯಿಯೇ, ಆದರೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಸಾವಿರಗಳಲ್ಲಿ ಆಗುತ್ತದೆ. ಮೇಲಿನ ಪ್ಯಾಕಿಂಗ್ ನೋಡದೆ ಗೇರ್‌ಬಾಕ್ಸ್ ಇಳಿಸಿ, ಕೊನೆಗೆ ಕ್ರ್ಯಾಂಕ್ ಸೀಲ್ ಒಣಗಿಯೇ ಇರುವುದು ಕಂಡು ಕೈ ಹಿಸುಕಿಕೊಳ್ಳುವುದು ಗ್ಯಾರೇಜುಗಳಲ್ಲಿ ಹೊಸದಲ್ಲ.

ಮೊದಲು ಎಣ್ಣೆ ಯಾವುದೆಂದು ಗುರುತಿಸಿ. ರಾತ್ರಿ ಕಾರಿನ ಅಡಿಗೆ ಬಿಳಿ ರಟ್ಟು ಹಾಸಿ. ಓಡಿದ ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು, ಸುಟ್ಟ ವಾಸನೆ. ಗೇರ್ ಆಯಿಲ್ ಇನ್ನೂ ಮಂದ, ಗಂಧಕದ ಗಾಢ ವಾಸನೆ. ಹಸಿರು ಅಥವಾ ಗುಲಾಬಿ ಬಣ್ಣದ್ದು ಕೂಲೆಂಟ್. ರಟ್ಟಿನ ಮೇಲೆ ದಿನಾಂಕ, ಕಿ.ಮೀ. ಬರೆದು ಫೋಟೋ ತೆಗೆದು ಎತ್ತಿಡಿ. ಗೇರ್ ಆಯಿಲ್ ಎಂದು ಕಂಡರೂ ನಿಮ್ಮ ವಾದಕ್ಕೆ ಕುಂದಿಲ್ಲ, ಗೇರ್‌ಬಾಕ್ಸಿಗೂ ವಾರಂಟಿ ಇದೆಯಲ್ಲ.

ಆಮೇಲೆ ಗಾಡಿಯನ್ನು ರ್‍ಯಾಂಪ್ ಏರಿಸಿ, ತೊಳೆಯುವ ಮೊದಲೇ ಫೋಟೋ, ವಿಡಿಯೋ ತೆಗೆಸಿ: ನಂಬರ್ ಪ್ಲೇಟ್, ಮೀಟರು, ಮತ್ತೆ ಅಡಿಭಾಗ, ಇಷ್ಟೂ ಒಂದೇ ವಿಡಿಯೋದಲ್ಲಿ ನಿಲ್ಲಿಸದೆ ಬರಲಿ. ಇಲ್ಲಿ ಗಮನಿಸಬೇಕಾದ್ದು ಎಣ್ಣೆಯ ವಯಸ್ಸು. ಹೊಸ ಸೋರಿಕೆ ಒದ್ದೆಯಾಗಿ ಹೊಳೆಯುತ್ತದೆ. ಹಳೆಯದರಲ್ಲಿ ಧೂಳು ಎಣ್ಣೆಯೊಂದಿಗೆ ಸೇರಿ, ಬಿಸಿಗೆ ಬೆಂದು, ಉಗುರಿನಿಂದ ಕೆರೆದರೆ ಏಳುವಂಥ ಹೆಕ್ಕಳೆ ಕಟ್ಟಿರುತ್ತದೆ; ಅದು ತಿಂಗಳುಗಟ್ಟಲೆ ಸೋರಿದ ಗುರುತು. ಮಾರಾಟಕ್ಕೆ ಮುನ್ನ ಎಂಜಿನ್ ಕೋಣೆಯನ್ನು ಮೇಲಿನಿಂದ ತೊಳೆದು ಹೊಳಪು ಕೊಟ್ಟಿದ್ದರೂ ಸಬ್‌ಫ್ರೇಮಿನ ಒಳಮೂಲೆ, ಗೇರ್‌ಬಾಕ್ಸ್ ಬ್ರ್ಯಾಕೆಟಿನ ಸಂದುಗಳಲ್ಲಿ ಹಳೆಯ ಹೆಕ್ಕಳೆ ಉಳಿದಿರುತ್ತದೆ. ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಅಂಚಿನಲ್ಲಿ ಸಿಲಿಕಾನ್ ಗ್ಯಾಸ್ಕೆಟ್ ಮೆತ್ತಿದೆಯೇ ನೋಡಿ. ಮೆತ್ತಿದ್ದರೂ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಈಗಿನ ಹಲವು ಎಂಜಿನುಗಳ ಚೇಂಬರಿಗೆ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಬದಲು ಇದನ್ನೇ ಹಾಕುತ್ತಾರೆ. ಅಲ್ಲಿಯದು ತೆಳ್ಳಗೆ ಒಂದೇ ಸಮ ಇರುತ್ತದೆ, ರಿಪೇರಿಯದು ಅಂಚು ಮೀರಿ ಹೊರಗೆ ಉಬ್ಬಿರುತ್ತದೆ, ಕೆಲವೊಮ್ಮೆ ಎಣ್ಣೆಯ ಮೇಲೆಯೇ ಮೆತ್ತಿರುತ್ತಾರೆ. ಚೇಂಬರಿಗೆ ಪೆಟ್ಟು, ಗೀರು ಇಲ್ಲ ಎಂಬುದೂ ಫೋಟೋದಲ್ಲಿ ಇರಲಿ. ತೋಟದ ದಾರಿಯಲ್ಲಿ ಮುರಕಲ್ಲಿಗೆ ತಾಗಿಸಿದ್ದೀರಿ ಎಂಬ ಹೊಸ ಕಾರಣ ನಾಳೆ ಹುಟ್ಟಬಾರದು.

ಇಷ್ಟಾದ ಮೇಲೆ ತೊಳೆದು, ಒಣಗಿಸಿ, 20–30 ಕಿ.ಮೀ. ಓಡಿಸಿ ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಅನುಮಾನ ಉಳಿದರೆ ಎಂಜಿನ್ ಆಯಿಲಿಗೆ ಬೆರೆಸುವ ನೇರಳಾತೀತ ಬಣ್ಣದ್ರವ ಸಿಗುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟು ಹಾಕಿ, ಒಂದು ಸುತ್ತು ಓಡಿಸಿ, ಯುವಿ ಟಾರ್ಚ್ ಬಿಟ್ಟರೆ ಸೋರುವ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ವಾದ ಮುಗಿಸಲು ಇದಕ್ಕಿಂತ ಒಳ್ಳೆಯ ಫೋಟೋ ಇಲ್ಲ.

ಸೀಲ್ ಯಾಕೆ ಹೋಗುತ್ತದೆ ಎಂಬುದನ್ನೂ ಕೇಳಬೇಕು, ಯಾಕೆಂದರೆ ವಾರಂಟಿಯ ಉತ್ತರ ಅಲ್ಲೂ ಅಡಗಿದೆ. ಏಳೆಂಟು ವರ್ಷದ ಬಿಸಿಗೆ ರಬ್ಬರ್ ಗಟ್ಟಿಯಾಗುವುದು ಒಂದು ಕಾರಣ. ಮಳಿಗೆಯ ಅಂಗಳದಲ್ಲಿ ತಿಂಗಳುಗಟ್ಟಲೆ ಓಡದೆ ನಿಂತ ಕಾರಿನಲ್ಲಿ ಸೀಲಿನ ತುಟಿ ಒಣಗಿ, ಮತ್ತೆ ಓಡತೊಡಗಿದಾಗ ಸೋರುವುದುಂಟು. ಆದರೆ ಹೆಚ್ಚಿನವರು ನೋಡದೆ ಬಿಡುವ ಭಾಗ ಪಿಸಿವಿ ವಾಲ್ವ್. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಮತ್ತೆ ಇಂಟೇಕಿಗೆ ಎಳೆದುಕೊಳ್ಳುವ ಸಣ್ಣ ವಾಲ್ವ್ ಇದು. ಇದು ಕೆಸರು ಕಟ್ಟಿ ಮುಚ್ಚಿದರೆ ಎಂಜಿನ್ ಒಳಗೆ ಒತ್ತಡ ಏರಿ, ದುರ್ಬಲವಾದ ಸೀಲಿನಿಂದ ಎಣ್ಣೆ ಹೊರದೂಡಲ್ಪಡುತ್ತದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಹೆಚ್ಚಿನವುಗಳಲ್ಲಿ ಟಿಕ್ ಟಿಕ್ ಸದ್ದು ಬರಬೇಕು. ಎಂಜಿನ್ ಓಡುತ್ತಿರುವಾಗ ಬೆರಳಿಟ್ಟರೆ ಎಳೆತ ಗೊತ್ತಾಗಬೇಕು. ಇದನ್ನು ಸರಿಪಡಿಸದೆ ಹೊಸ ಸೀಲ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೂ ಸೋರುತ್ತದೆ. ವಾಲ್ವ್ ಚೆನ್ನಾಗಿದ್ದೂ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ದಮ್ಮು ಕಟ್ಟಿದಂತೆ ಬುಸುಗುಟ್ಟುತ್ತಿದ್ದರೆ ರಿಂಗ್ ಸವೆದಿರುವ ಶಂಕೆ. ಆಗ ವಿಷಯ 9,500ರದ್ದಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಂಜಿನ್ ಒಳಭಾಗದ ದೋಷಕ್ಕೆ ವಾರಂಟಿ ಇಲ್ಲ ಎನ್ನುವುದು ಮಳಿಗೆಯವರಿಗೆ ಸುಲಭವಲ್ಲ.

ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿ ಸುರಿಯಿರಿ, ದಪ್ಪ ಆಯಿಲ್ ಹಾಕಿ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಆ ಔಷಧಿ ರಬ್ಬರನ್ನು ಸ್ವಲ್ಪ ಕಾಲ ಉಬ್ಬಿಸುತ್ತದೆ ಅಷ್ಟೇ. ಕೈಪಿಡಿಯಲ್ಲಿ ಹೇಳಿದ ದರ್ಜೆ ಬಿಟ್ಟು ಬೇರೆ ಆಯಿಲ್ ಹಾಕಿದರೆ, ವಾರಂಟಿ ನಿರಾಕರಿಸಲು ಒಂದು ನಿಜವಾದ ಕಾರಣವನ್ನು ನಾವೇ ಕೈಗೆ ಕೊಟ್ಟಂತೆ.

ಇನ್ನು ಅವರ ಕಾರಣಗಳು ಎಷ್ಟು ಗಟ್ಟಿ?

ಸವೆಯುವ ಭಾಗ ಎಂಬ ಮಾತು ಪೂರ್ತಿ ಪೊಳ್ಳಲ್ಲ. ವಾರಂಟಿ ಪುಸ್ತಕದ ‘ಒಳಪಡದ ಭಾಗಗಳು’ ಪಟ್ಟಿಯನ್ನು ಅಕ್ಷರ ಬಿಡದೆ ಓದಿ. ಅಲ್ಲಿ ‘ಆಯಿಲ್ ಸೀಲ್, ಗ್ಯಾಸ್ಕೆಟ್’ ಎಂದು ಹೆಸರಿಸಿಯೇ ಹೊರಗಿಟ್ಟಿದ್ದರೆ ವಾರಂಟಿಯ ಮೇಲಿನ ನಿಮ್ಮ ಹಕ್ಕು ತೆಳುವಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹೆಸರು ಹೇಳದೆ ‘ಸಹಜ ಸವೆತದ ಭಾಗಗಳು’ ಎಂದಷ್ಟೇ ಇದ್ದು, ಉದಾಹರಣೆಗೆ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಟೈರ್ ಎಂದು ಕೊಟ್ಟಿದ್ದರೆ ಎಂಜಿನ್ ಒಳಗೆ ಕೂತ ಸೀಲನ್ನು ಆ ಸಾಲಿಗೆ ಸೇರಿಸುವುದು ಕಷ್ಟ. ಷರತ್ತಿನ ಮಾತು ಎರಡರ್ಥಕ್ಕೆ ಎಡೆಕೊಟ್ಟರೆ ಅದನ್ನು ಬರೆದವರಿಗೆ ವಿರುದ್ಧವಾಗಿ ಅರ್ಥೈಸುವುದು ನ್ಯಾಯಾಲಯಗಳು ಹಿಂದಿನಿಂದ ಅನುಸರಿಸಿಕೊಂಡು ಬಂದ ರೀತಿ. ಕೆಲವು ಪುಸ್ತಕಗಳಲ್ಲಿ ‘ವಾರಂಟಿಗೆ ಒಳಪಟ್ಟ ಭಾಗದ ರಿಪೇರಿಯ ಅಂಗವಾಗಿ ಮಾತ್ರ ಸೀಲ್ ಬದಲಿಸಲಾಗುವುದು’ ಎಂಬ ಸಾಲೂ ಇರುತ್ತದೆ. ಒಂದು ಕ್ಲೇಮಿಗೆ ಗರಿಷ್ಠ ಎಷ್ಟು, ರಿಪೇರಿಗೆ ಮೊದಲು ಅನುಮತಿ ಬೇಕೇ, ವಾರಂಟಿ ಕೊಟ್ಟದ್ದು ಮಳಿಗೆಯೋ ಬೇರೆ ಕಂಪನಿಯೋ, ಇವನ್ನೂ ಗುರುತು ಹಾಕಿಕೊಳ್ಳಿ. ಬೇರೆ ಕಂಪನಿಯಾದರೆ ಇಬ್ಬರಿಗೂ ಬರೆಯಬೇಕು.

ಹೊರಗಿನ ಗ್ಯಾರೇಜಿನ ಮಾತು ಎಲ್ಲಕ್ಕಿಂತ ದುರ್ಬಲ. ಆಯಿಲ್ ಬದಲಾಯಿಸುವಾಗ ಮೆಕ್ಯಾನಿಕ್ ಕೈ ಹಾಕುವುದು ಡ್ರೈನ್ ಬೋಲ್ಟ್, ಫಿಲ್ಟರ್, ಮೇಲಿನ ಮುಚ್ಚಳ ಇಷ್ಟಕ್ಕೇ. ಸೋರಿಕೆ ಈ ಜಾಗಗಳಿಂದ ಆಗಿದ್ದರೆ ಅದು ನಿಮ್ಮ ಗ್ಯಾರೇಜಿನವರ ಹೊಣೆ, ಮಳಿಗೆಯವರನ್ನು ಬಿಟ್ಟುಬಿಡಿ. ಫ್ಲೈವೀಲ್ ಬದಿಯ ಸೀಲನ್ನು ಆಯಿಲ್ ಬದಲಾಯಿಸುವವರು ಮುಟ್ಟುವುದೇ ಇಲ್ಲ. ಅತಿಯಾಗಿ ತುಂಬಿಸಿದ್ದರಿಂದ ಸೋರಿತು ಎನ್ನದಂತೆ, ಡಿಪ್‌ಸ್ಟಿಕ್ಕಿನ (ಎಣ್ಣೆ ಮಟ್ಟ ನೋಡುವ ಕಡ್ಡಿ) ಎರಡು ಗುರುತುಗಳ ನಡುವೆ ಎಣ್ಣೆ ನಿಂತಿರುವ ಫೋಟೋ ಇಟ್ಟುಕೊಳ್ಳಿ. ಆಯಿಲ್ ದರ್ಜೆ ನಮೂದಿಸಿದ ಬಿಲ್ ಇಲ್ಲದಿದ್ದರೆ ಗ್ಯಾರೇಜಿನಿಂದ ಬರೆಸಿಕೊಳ್ಳಿ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗೆ ಸರ್ವಿಸ್ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟು ರದ್ದು ಮಾಡಬಾರದು, ಆ ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತ್ತು. ಅದು ಹೊಸ ಕಾರು ತಯಾರಕರ ಕುರಿತಾದದ್ದು, ಕೆಲವರು ಮೇಲ್ಮನವಿಗೂ ಹೋದರು. ಮಳಿಗೆಯವರನ್ನು ಅದು ನೇರವಾಗಿ ಕಟ್ಟಿಹಾಕದು. ಆದರೆ ಹಾನಿಗೂ ಕೆಲಸಕ್ಕೂ ಸಂಬಂಧ ತೋರಿಸಿ ಎಂಬ ನಿಮ್ಮ ಪ್ರಶ್ನೆಗೆ ಅದು ಬಲ ಕೊಡುತ್ತದೆ.

ಪೂರ್ವದೋಷದ ಮಾತಿನಲ್ಲಿ ನಿಮಗೂ ಒಂದು ಅಪಾಯವಿದೆ. ಹೆಕ್ಕಳೆ ತೋರಿಸಿ ಸೋರಿಕೆ ಹಳೆಯದು ಎಂದು ನೀವು ಸಾಬೀತು ಮಾಡಿದರೆ, ಪೂರ್ವದೋಷಕ್ಕೆ ವಾರಂಟಿ ಇಲ್ಲ ಎಂಬ ಷರತ್ತು ಎದುರಾಗುತ್ತದೆ. ಹಾಗಾಗಿ ದೂರನ್ನು ಎರಡು ಕಾಲಿನ ಮೇಲೆ ನಿಲ್ಲಿಸಿ. ದೋಷ ಆಗಸ್ಟ್ ನಂತರದ್ದಾದರೆ ವಾರಂಟಿ ಪ್ರಕಾರ ಸರಿಪಡಿಸಬೇಕು, ಸರಿಪಡಿಸದಿರುವುದು ಸೇವಾನ್ಯೂನತೆ. ಆಗಸ್ಟ್‌ಗಿಂತ ಮೊದಲಿನದಾದರೆ ‘ಸೋರಿಕೆ ಇಲ್ಲ’ ಎಂದು ಬರೆದುಕೊಟ್ಟು ಮಾರಿದ್ದು ತಪ್ಪು ಮಾಹಿತಿ, ಅನುಚಿತ ವ್ಯಾಪಾರ ಪದ್ಧತಿ. ಯಾವುದಾದರೂ ಒಂದು ನಿಲ್ಲಲೇಬೇಕು. ಆ ತಪಾಸಣೆ ಹಾಳೆ ನಿಮ್ಮ ಅತ್ಯಂತ ಬೆಲೆಬಾಳುವ ಕಾಗದ. ಸರಕು ಮಾರಾಟ ಕಾಯಿದೆ 1930ರ ಪ್ರಕಾರ, ಕೊಳ್ಳುವವರು ಪರೀಕ್ಷಿಸಿದಾಗ ಕಾಣಲೇಬೇಕಿದ್ದ ದೋಷಕ್ಕೆ ಮಾರುವವರು ಹೊಣೆಯಲ್ಲ. ಆದರೆ ತೊಳೆದಿಟ್ಟ ಎಂಜಿನಿನ ಅಡಿಭಾಗ ರ್‍ಯಾಂಪ್ ಇಲ್ಲದೆ ಯಾರಿಗೆ ಕಾಣುತ್ತದೆ? ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಆರ್‌ಸಿ ತೋರಿಸಿ ಈ ಗಾಡಿಯ ಹಿಂದಿನ ಸರ್ವಿಸ್ ದಾಖಲೆ ಕೇಳಿ. ಹಿಂದಿನ ಜಾಬ್ ಕಾರ್ಡಿನಲ್ಲಿ ಆಯಿಲ್ ಜಿನುಗುತ್ತಿದೆ ಎಂಬ ಒಂದು ಸಾಲು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಬಲೆಯ ಬಗ್ಗೆ ಮೊದಲೇ ಹೇಳಬೇಕು. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಎಷ್ಟೋ ಸಲ ಆರ್‌ಸಿ ಹಳೆಯ ಮಾಲೀಕರಿಂದ ನೇರ ನಿಮ್ಮ ಹೆಸರಿಗೆ ಬರುತ್ತದೆ, ಮಳಿಗೆಯ ಹೆಸರು ಎಲ್ಲೂ ಇರುವುದಿಲ್ಲ. ತಕರಾರು ಬಂದಾಗ ‘ನಾವು ಬರೀ ಬ್ರೋಕರ್, ಮಾರಿದವರು ಅವರು’ ಎನ್ನುತ್ತಾರೆ. ಖಾಸಗಿ ಮಾಲೀಕರೊಬ್ಬರ ವಿರುದ್ಧ ಗ್ರಾಹಕ ಕಾಯಿದೆಯಲ್ಲಿ ಹೋಗಲಾಗದು, ಅದಕ್ಕೇ ಈ ಆಟ. ಹಣ ಮಳಿಗೆಯ ಖಾತೆಗೆ ಹೋದ ಬ್ಯಾಂಕ್ ದಾಖಲೆ, ಜಿಎಸ್‌ಟಿ ನಂಬರಿರುವ ಬಿಲ್, ಡೆಲಿವರಿ ನೋಟ್, ಅವರ ಸೀಲಿರುವ ವಾರಂಟಿ ಪುಸ್ತಕ, ಜಾಹೀರಾತಿನ ಸ್ಕ್ರೀನ್‌ಶಾಟ್ ಇವುಗಳಲ್ಲಿ ಇರುವಷ್ಟನ್ನೂ ಒಟ್ಟುಮಾಡಿ. ಡೆಲಿವರಿ ನೋಟಿನಲ್ಲಿ ‘ಇದ್ದ ಸ್ಥಿತಿಯಲ್ಲೇ ಒಪ್ಪಿದ್ದೇನೆ’ ಎಂದು ಸಹಿ ಹಾಕಿಸಿಕೊಂಡಿದ್ದಾರೆಯೇ ನೋಡಿ. ಹಾಕಿದ್ದರೂ ವಾರಂಟಿ ಪುಸ್ತಕ, ತಪಾಸಣೆ ಹಾಳೆ ಕೊಟ್ಟವರು ಆ ಸಾಲಿನ ಹಿಂದೆ ಪೂರ್ತಿ ಅಡಗಲಾರರು.

ಬೆಂಗಳೂರಿನಲ್ಲೇ ಕೇಸು ಹಾಕಬೇಕು ಎಂಬುದು ಗಡಿಯವರನ್ನು ಹೆದರಿಸುವ ಮಾತು. ಹಿಂದಿನ 1986ರ ಕಾಯಿದೆಯಲ್ಲಿ ಎದುರು ಪಕ್ಷದವರು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ಹೋಗಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಕಲಂ 34 ದೂರುದಾರರು ವಾಸಿಸುವ ಜಿಲ್ಲೆಯಲ್ಲೂ ದೂರು ಕೊಡಲು ಅವಕಾಶ ಕೊಟ್ಟಿದೆ. ಗಾಡಿ ಕೊಂಡದ್ದು ಕರ್ನಾಟಕದಲ್ಲಾದರೂ ನೀವು ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ತಲಪಾಡಿ ಗಡಿ ಇದಕ್ಕೆ ಅಡ್ಡಿಯಲ್ಲ. ಪುಸ್ತಕದಲ್ಲಿ ಮಧ್ಯಸ್ಥಿಕೆಗೇ (ಆರ್ಬಿಟ್ರೇಶನ್) ಹೋಗಬೇಕು ಎಂಬ ಷರತ್ತಿದ್ದರೂ ಅದು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಟ್ಟ ಬೆಲೆ 5 ಲಕ್ಷ ದಾಟದ ದೂರಿಗೆ ಶುಲ್ಕವಿಲ್ಲ. ಗಡುವು 2 ವರ್ಷ. ವಕೀಲರು ಕಡ್ಡಾಯವಲ್ಲ. ಷರತ್ತೇ ಅನ್ಯಾಯದ್ದು ಎಂಬ ವಾದ ಮಾತ್ರ ಜಿಲ್ಲಾ ಆಯೋಗದಲ್ಲಿ ಎತ್ತಬೇಡಿ, ಅದು ರಾಜ್ಯ ಆಯೋಗದ ವ್ಯಾಪ್ತಿ. ಷರತ್ತು ನಿಮಗೆ ಅನ್ವಯಿಸದು ಎಂದಷ್ಟೇ ವಾದಿಸಿ.

ಅದಕ್ಕೆ ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅವರು ಆದೇಶ ಕೊಡಲಾರರು, ಆದರೆ ದೂರನ್ನು ಮಳಿಗೆಗೆ ಕಳಿಸಿ ಉತ್ತರ ಕೇಳುತ್ತಾರೆ, ದೂರಿನ ಸಂಖ್ಯೆ ಸಿಗುತ್ತದೆ. ಅದೂ ಫಲಿಸದಿದ್ದರೆ 15 ದಿನದ ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಆಯೋಗಕ್ಕೆ ಕೊಡುವಾಗ ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅಥವಾ ಮಲಯಾಳ ಅನುವಾದ ಜೊತೆಗಿಡುವುದು ಜಾಣತನ. ವಾಟ್ಸ್‌ಆ್ಯಪ್ ಸಂದೇಶ, ವಿಡಿಯೋಗಳಿಗೆ ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಲಗತ್ತಿಸಿ. ತಾಂತ್ರಿಕ ದೋಷದ ದೂರುಗಳು ತಜ್ಞರ ವರದಿ ಇಲ್ಲದೆ ಬಿದ್ದುಹೋಗುವುದೇ ಹೆಚ್ಚು. ಅಧಿಕೃತ ಸರ್ವಿಸ್ ಸೆಂಟರಿನ ಪರೀಕ್ಷಾ ವರದಿ ಅಥವಾ ಪರವಾನಗಿ ಇರುವ ಮೋಟಾರ್ ಸರ್ವೇಯರ್ ಒಬ್ಬರ ವರದಿ ಪಡೆಯಿರಿ. ಆಯೋಗವೇ ತಜ್ಞರನ್ನು ನೇಮಿಸಲಿ ಎಂದೂ ಅರ್ಜಿ ಹಾಕಬಹುದು. ಪರೀಕ್ಷೆಯ ಅಗತ್ಯವಿರುವ ದೂರು 5 ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು ಕಾಯಿದೆ ಹೇಳುತ್ತದೆ. ಇನ್ನೂ ತಡವಾಗುತ್ತದೆ ಎಂದೇ ಲೆಕ್ಕ ಹಾಕಿ.

ಅಷ್ಟು ಕಾಲ ಸೋರುವ ಕಾರು ಇಟ್ಟುಕೊಂಡು ಕಾಯುವುದೇ? ಬೇಕಿಲ್ಲ. ವರದಿ ಕೈಸೇರಿದ ಮೇಲೆ, ‘ಇಂಥ ದಿನ, ಇಂಥಲ್ಲಿ ಗೇರ್‌ಬಾಕ್ಸ್ ಇಳಿಸುತ್ತೇವೆ, ನಿಮ್ಮ ಪ್ರತಿನಿಧಿ ಬರಬಹುದು’ ಎಂದು 7 ದಿನ ಮುಂಚೆ ಮಳಿಗೆಯವರಿಗೆ ಬರೆದು, ಅವರು ಬರಲಿ ಬಾರದಿರಲಿ ರಿಪೇರಿ ಮಾಡಿಸಿ, ಆ ವೆಚ್ಚ ಕೇಳುವುದು ನಡೆಯುವ ದಾರಿ. ಇದರಲ್ಲಿ ಒಂದು ಅಪಾಯ: ಪುಸ್ತಕದಲ್ಲಿ ಮುಂಗಡ ಅನುಮತಿಯ ಷರತ್ತಿದ್ದರೆ ಅದನ್ನು ಎತ್ತುತ್ತಾರೆ. ಅದಕ್ಕೇ ಲಿಖಿತ ನಿರಾಕರಣೆ ಮೊದಲು ಬೇಕು. ಕಾರು ವಾಪಸ್ ಕೊಟ್ಟು 4.35 ಲಕ್ಷ ಕೇಳುವುದು ಈ ಸೋರಿಕೆಯೊಂದಕ್ಕೆ ನಿಲ್ಲುವ ಬೇಡಿಕೆಯಲ್ಲ.

ರಾಜಿಗೆ ಅವರು ಒಪ್ಪಿದರೆ ಕೂಲಿ ಅವರದು, ಸಾಮಾನಿನ ಖರ್ಚು ನಿಮ್ಮದು ಎಂಬ ಮಟ್ಟಕ್ಕೆ ಬಂದರೂ ಸಾಕು, ಒಪ್ಪಿಕೊಳ್ಳಿ ಎಂಬುದು ನನ್ನ ಸಲಹೆ. ಹೆಚ್ಚಿನ ಮೊತ್ತ ಕೂಲಿಯಲ್ಲೇ ಇದೆ. ಆದರೆ ‘ಎಂಜಿನಿನ ಯಾವುದೇ ದೂರು ಇನ್ನಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಈ ಸೀಲಿನ ಕೆಲಸಕ್ಕೆ ಮಾತ್ರ ಎಂದು ಬರೆಸಿ. ಉಳಿದ ವಾರಂಟಿ ಹಾಗೇ ಮುಂದುವರಿಯಲಿ.

ಅಲ್ಲಿಯತನಕ ಓಡಿಸುವ ಬಗ್ಗೆ. ಒಂದು ಹನಿ ಸುಮಾರು 0.05 ಮಿ.ಲೀ. ನಿಮಿಷಕ್ಕೊಂದು ಹನಿ ಬಿದ್ದರೂ ದಿನಕ್ಕೆ 72 ಮಿ.ಲೀ., ಎರಡು ವಾರದಲ್ಲಿ 1 ಲೀಟರ್. ನಿಮ್ಮ ಎಂಜಿನಿನಲ್ಲಿ ಇರುವುದೇ 3–4 ಲೀಟರ್. ವಾರಕ್ಕೆ ಎರಡು ಸಲ, ಸಮತಟ್ಟು ಜಾಗದಲ್ಲಿ, ಎಂಜಿನ್ ನಿಲ್ಲಿಸಿ 10 ನಿಮಿಷದ ಬಳಿಕ ಡಿಪ್‌ಸ್ಟಿಕ್ ನೋಡಿ, ಮೀಟರಿನೊಂದಿಗೆ ಫೋಟೋ ತೆಗೆಯಿರಿ. ಕೆಳಗಿನ ಗುರುತಿಗೆ ಇಳಿಯುವ ಮೊದಲೇ ಅದೇ ದರ್ಜೆಯ ಆಯಿಲ್ ಸೇರಿಸಿ, ಬಿಲ್ ಇಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ತೋರಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿತೆಂದರೆ ಆಗಲೇ ತಡವಾಗಿರುತ್ತದೆ, ಅಲ್ಲೇ ಬದಿಗೆ ನಿಲ್ಲಿಸಿ ಎಳೆಸಿಕೊಂಡು ಹೋಗಿ. ಸೋರಿಕೆ ಗೊತ್ತಿದ್ದೂ ಓಡಿಸಿ ಎಂಜಿನ್ ಹಿಡಿದರೆ ಆ ನಷ್ಟವನ್ನು ಯಾರ ಮೇಲೂ ಹೊರಿಸಲಾಗದು. ಏರು ದಾರಿಯಲ್ಲಿ ಎಂಜಿನ್ ಕೂಗಿ ಕಾರು ಎಳೆಯದಿದ್ದರೆ ಎಣ್ಣೆ ಕ್ಲಚ್ ಪ್ಲೇಟಿಗೆ ತಲುಪಿರಬಹುದು, ಆಮೇಲೆ ಮುಂದೂಡಬೇಡಿ.

ಗೇರ್‌ಬಾಕ್ಸ್ ಇಳಿಸಿದ ದಿನ ನೀವು ಅಲ್ಲಿರಿ. ಕ್ರ್ಯಾಂಕ್ ಶಾಫ್ಟಿನಲ್ಲಿ ಸೀಲ್ ಉಜ್ಜುವ ಜಾಗ ಗೀರಿ ಹಳ್ಳ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಲು ಹೇಳಿ. ಇನ್‌ಪುಟ್ ಶಾಫ್ಟ್ ಸೀಲನ್ನೂ ಅದೇ ಕೂಲಿಯಲ್ಲಿ ಬದಲಾಯಿಸಿಬಿಡಿ. ತೆಗೆದ ಹಳೆಯ ಸೀಲನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಒರೆಸದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದಿನಾಂಕ ಮತ್ತು ಕಿ.ಮೀ. ಬರೆದು, ಮೆಕ್ಯಾನಿಕ್ ಸಹಿ ಹಾಕಿಸಿ ಮನೆಗೆ ತನ್ನಿ.